ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಓದಿ ನೋಡೋಣ

ಎತ್ತು ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಹಲ್ಲು ನೋಡುತ್ತೇವೆ. ಗೊರಸು ನೋಡುತ್ತೇವೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಮಾರುವವರ ಮಾತನ್ನೂ ಕೇಳುತ್ತೇವೆ. ಆದರೆ ಬರೀ ಮಾತು ನಂಬಿ ದುಡ್ಡು ಕೊಡೋದಿಲ್ಲ.

ಲ್ಯಾಪ್‌ಟಾಪ್ ಅಂಗಡಿಗೆ ಹೋದಾಗ ಮಾತ್ರ ನಮ್ಮ ಬಾಯಿ ಕಟ್ಟುತ್ತದೆ. "ಇದೆಲ್ಲ ನಮಗೆ ಗೊತ್ತಾಗಲ್ಲ, ನೀವೇ ಒಳ್ಳೇದು ಕೊಡಿ" ಅಂತೀವಿ. ಅಂಗಡಿಯವರು ಕೊಟ್ಟಿದ್ದನ್ನು ತರುತ್ತೇವೆ. ಇದು ಸಣ್ಣ ಹಣವಲ್ಲ. ಒಂದು ವರ್ಷ ಕೂಲಿಯಲ್ಲಿ ಉಳಿಸಿದ ಹಣ ಇರಬಹುದು. ಸಂಘದ ಸಾಲ ಇರಬಹುದು. ಅದಕ್ಕೇ ಈ ಪಾಠ. ಲ್ಯಾಪ್‌ಟಾಪಿನ ಹಲ್ಲು ನೋಡುವುದು ಹೇಗೆ ಎಂದು ಕಲಿಯೋಣ.

ಯಾವ ಕೆಲಸಕ್ಕೆ ಬೇಕು?

ಮೊದಲು ಮನೆಯಲ್ಲಿ ಕೂತು ಮಾತಾಡೋಣ. ಮಗಳನ್ನೋ ಮಗನನ್ನೋ ಕೇಳೋಣ: "ಇದರಲ್ಲಿ ನೀನು ಏನೇನು ಮಾಡ್ತೀಯ?" ಉತ್ತರವನ್ನು ಒಂದು ಹಾಳೆಯಲ್ಲಿ ಬರೆಯೋಣ.

ಕಾಲೇಜಿನ ಪಾಠ ನೋಡುವುದು. ಪ್ರಾಜೆಕ್ಟ್ ಬರೆಯುವುದು. ಲೆಕ್ಕದ ಪಟ್ಟಿ ಮಾಡುವುದು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದು. ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದು. ಭೂಮಿ ತಾಣದಲ್ಲಿ ಪಹಣಿ ನೋಡುವುದು. ಸಂಘದ ಲೆಕ್ಕ ಬರೆಯುವುದು. ಬಹಳ ಮನೆಗಳಲ್ಲಿ ಕೆಲಸ ಇಷ್ಟೇ. ಇದಕ್ಕೆ ಸಾಧಾರಣ ಲ್ಯಾಪ್‌ಟಾಪ್ ಸಾಕು.

ದೊಡ್ಡ ಆಟ ಆಡಲು, ಸಿನಿಮಾ ಜೋಡಿಸಲು, ಕಟ್ಟಡದ ನಕ್ಷೆ ಬರೆಯಲು ದುಬಾರಿ ಲ್ಯಾಪ್‌ಟಾಪ್ ಬೇಕಾಗುತ್ತದೆ. ಎಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಕಾಲೇಜಿನಲ್ಲಿ ಕೇಳಿ ಬರಲಿ. ಉಳಿದವರು ಅಷ್ಟು ಹಣ ಹಾಕಬೇಕಾಗಿಲ್ಲ. ಒಂದು ಎಕರೆ ಉಳಲು ಯಾರೂ ದೊಡ್ಡ ಟ್ರ್ಯಾಕ್ಟರ್ ಕೊಳ್ಳುವುದಿಲ್ಲ.

ಕೊಳ್ಳದೆ ಆಗುತ್ತದೆಯೇ ಎಂದೂ ನೋಡೋಣ. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ. ಇಂಥ ಅನೇಕ ಕೇಂದ್ರಗಳಲ್ಲಿ ಕಂಪ್ಯೂಟರ್ ಇದೆ. ಹಿಂದೆ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳಿಗೂ ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೂ ಸರ್ಕಾರ ಲ್ಯಾಪ್‌ಟಾಪ್ ಕೊಟ್ಟಿದ್ದುಂಟು. ಈ ವರ್ಷ ಇದೆಯೇ ಎಂದು ಕಾಲೇಜಿನಲ್ಲಿ, ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಕೇಳೋಕೆ ದುಡ್ಡು ಕೊಡಬೇಕಾಗಿಲ್ಲ.

ಪೆಟ್ಟಿಗೆಯ ಮೇಲಿನ ಅಂಕಿಗಳು

"ಪೆಟ್ಟಿಗೆ ಮೇಲೆ ಎಲ್ಲಾ ಇಂಗ್ಲಿಷು. ನಮಗೆ ಹೆಂಗೆ ಗೊತ್ತಾಗ್ತದೆ?" ಎಂದು ನೀವು ಕೇಳಬಹುದು.

ಅಕ್ಷರ ಇಂಗ್ಲಿಷು, ನಿಜ. ಆದರೆ ಅಂಕಿ ಯಾವುದು? ಬಸ್ಸಿನ ನಂಬರಿನಲ್ಲಿ, ನೋಟಿನಲ್ಲಿ, ಕರೆಂಟ್ ಬಿಲ್ಲಿನಲ್ಲಿ ಇರುವ ಅಂಕಿಗಳೇ. ಅವನ್ನು ನಾವು ಕಲಿತಿದ್ದೇವೆ. ಲ್ಯಾಪ್‌ಟಾಪಿನ ಮುಖ್ಯ ಗುಣಗಳು ಅಂಕಿಗಳಲ್ಲೇ ಇರುತ್ತವೆ. ಅಕ್ಷರ ಮಕ್ಕಳು ಓದಲಿ. ಅಂಕಿ ನಾವು ಓದೋಣ.

ಒಂದು: ಕಣ

ರಾಶಿ ಮಾಡಲು ಕಣ ಬೇಕು. ಕಣ ದೊಡ್ಡದಿದ್ದರೆ ಒಂದು ಕಡೆ ತೂರಬಹುದು, ಇನ್ನೊಂದು ಕಡೆ ಬಡಿಯಬಹುದು. ಕಣ ಚಿಕ್ಕದಿದ್ದರೆ ಒಂದು ಕೆಲಸ ಮುಗಿಯುವ ತನಕ ಇನ್ನೊಂದು ಕಾಯಬೇಕು. ಲ್ಯಾಪ್‌ಟಾಪಿನಲ್ಲೂ ಹೀಗೇ ಕೆಲಸ ನಡೆಯುವ ಜಾಗ ಒಂದಿದೆ. ಅದರ ಹೆಸರು ರ‍್ಯಾಮ್. ಅದನ್ನು ಜಿಬಿ ಎಂಬ ಅಳತೆಯಲ್ಲಿ ಹೇಳುತ್ತಾರೆ.

4 ಜಿಬಿ ಇದ್ದರೆ ಇಕ್ಕಟ್ಟು. ಪಾಠ ನೋಡುತ್ತ ಟಿಪ್ಪಣಿ ಬರೆಯಲು ಹೋದರೆ ಯಂತ್ರ ತಡವರಿಸುತ್ತದೆ. 8 ಜಿಬಿ ಇದ್ದರೆ ಓದಿಗೆ ಸಾಕು. 16 ಜಿಬಿ ಇದ್ದರೆ ಇನ್ನೂ ಅನುಕೂಲ, ಬೆಲೆಯೂ ಹೆಚ್ಚು. ಕೆಲವು ಲ್ಯಾಪ್‌ಟಾಪುಗಳಲ್ಲಿ ಮುಂದೆ ರ‍್ಯಾಮ್ ಹೆಚ್ಚಿಸಬಹುದು. ಕೆಲವದರಲ್ಲಿ ಆಗುವುದಿಲ್ಲ. "ಆಮೇಲೆ ಹೆಚ್ಚಿಸಬಹುದಾ?" ಎಂದು ಅಂಗಡಿಯಲ್ಲೇ ಕೇಳಿ.

ಎರಡು: ಕಣಜ

ರಾಶಿಯಾದ ಕಾಳು ಎಲ್ಲಿ ಹೋಗುತ್ತದೆ? ಕಣಜಕ್ಕೆ. ಬರೆದ ಪಾಠ, ತೆಗೆದ ಚಿತ್ರ, ಇಳಿಸಿಕೊಂಡ ಪುಸ್ತಕ ಎಲ್ಲ ಲ್ಯಾಪ್‌ಟಾಪಿನ ಕಣಜದಲ್ಲಿ ಇರುತ್ತವೆ. ಇದಕ್ಕೂ ಜಿಬಿ ಅಳತೆಯೇ. 256 ಆದರೆ ನಡೆಯುತ್ತದೆ. 512 ಆದರೆ ನಾಲ್ಕೈದು ವರ್ಷ ಯೋಚನೆ ಇಲ್ಲ.

ಕಣಜದಲ್ಲಿ ಎರಡು ಬಗೆ. ಹಳೆಯ ಬಗೆಯ ಹೆಸರು ಹಾರ್ಡ್ ಡಿಸ್ಕ್. ಅದರೊಳಗೆ ತಟ್ಟೆ ತಿರುಗುತ್ತದೆ. ಹಗೇವಿನಿಂದ ಕಾಳು ಮೇಲೆತ್ತಿದ ಹಾಗೆ ನಿಧಾನ. ಪೆಟ್ಟು ಬಿದ್ದರೆ ಹಾಳಾಗುವ ಭಯವೂ ಇದೆ. ಹೊಸ ಬಗೆಯ ಹೆಸರು ಎಸ್‌ಎಸ್‌ಡಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಬಾಗಿಲ ಪಕ್ಕದ ಕಣಜದ ಹಾಗೆ, ಕೈ ಹಾಕಿದರೆ ಕಾಳು. ಹಾರ್ಡ್ ಡಿಸ್ಕಿನಲ್ಲಿ 1000 ಜಿಬಿ ಕೊಡ್ತೀವಿ ಅಂದರೂ ಎಸ್‌ಎಸ್‌ಡಿಯ 256 ಜಿಬಿಯೇ ಓದಿಗೆ ಮೇಲು.

ಅಂಗಡಿಯಲ್ಲಿ ಒಂದು ಮೋಸದ ಮಾತು ಕೇಳುತ್ತದೆ. "ಇದರಲ್ಲಿ 512 ಜಿಬಿ ಇದೆ" ಅಂತಾರೆ. ಅದು ಕಣಜ. ಕಣ ಎಷ್ಟು ಎಂದು ಹೇಳುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಮೂರು: ಎತ್ತು

ಯಂತ್ರ ಎಳೆಯುವ ಶಕ್ತಿಗೆ ಪ್ರೊಸೆಸರ್ ಎನ್ನುತ್ತಾರೆ. ಇದು ಎತ್ತಿನ ಹಾಗೆ. ಇಂಟೆಲ್, ಎಎಮ್‌ಡಿ ಎಂಬ ಎರಡು ಕಂಪನಿಗಳ ಪ್ರೊಸೆಸರ್ ಹೆಚ್ಚಾಗಿ ಸಿಗುತ್ತವೆ. ಇಂಟೆಲ್ ಆದರೆ ಕೋರ್ ಐ3, ಎಎಮ್‌ಡಿ ಆದರೆ ರೈಝೆನ್ 3. ಓದಿಗೆ ಇಷ್ಟು ಸಾಕು. 5 ಎಂದು ಇದ್ದರೆ ಸಾಮಾನ್ಯವಾಗಿ ಇನ್ನೂ ಬಲ. ಸೆಲೆರಾನ್ ಎಂಬ ಹೆಸರಿದ್ದರೆ ಅದು ಬಡಕಲು ಎತ್ತು. ಬೆಲೆ ಕಡಿಮೆ, ಎಳೆಯುವುದೂ ಕಡಿಮೆ.

ನಾಲ್ಕು: ಪರದೆ ಮತ್ತು ತೂಕ

ಪರದೆಯನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆಯುತ್ತಾರೆ. 14 ಅಂಗುಲ, 15.6 ಅಂಗುಲ ಹೆಚ್ಚಾಗಿ ಸಿಗುತ್ತವೆ. ಮಗಳು ದಿನಾ ಬಸ್ಸಿನಲ್ಲಿ ನಿಂತು ಕಾಲೇಜಿಗೆ ಹೋಗುತ್ತಾಳೆಯೇ? ಹಾಗಾದರೆ 14 ಅಂಗುಲದ್ದು, ಒಂದೂವರೆ ಕೆ.ಜಿ. ಆಸುಪಾಸಿನದು ಒಳ್ಳೆಯದು. ಮನೆಯಲ್ಲೇ ಇಟ್ಟು ಓದುವುದಾದರೆ ದೊಡ್ಡದು ಇರಲಿ. ಪರದೆಗೆ 1920, 1080 ಎಂಬ ಎರಡು ಅಂಕಿ ಇದ್ದರೆ ಅಕ್ಷರ ಚೊಕ್ಕಟವಾಗಿ ಕಾಣುತ್ತದೆ.

ಐದು: ಬ್ಯಾಟರಿ

ಹಳ್ಳಿಯಲ್ಲಿ ಕರೆಂಟ್ ಹೋಗುತ್ತದೆ. ಆಗ ಬ್ಯಾಟರಿಯೇ ದೀಪ. ಬ್ಯಾಟರಿಯ ಅಳತೆ ವ್ಯಾಟ್-ಅವರ್. ಒಂದು ಬ್ಯಾಟರಿ 45 ವ್ಯಾಟ್-ಅವರ್ ಇದೆ ಎಂದುಕೊಳ್ಳೋಣ. ಓದು ಬರಹ ಮಾಡುವಾಗ ಯಂತ್ರ 10 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳೋಣ. 45ನ್ನು 10ರಿಂದ ಭಾಗಿಸಿ. ನಾಲ್ಕೂವರೆ ಗಂಟೆ ಬರುತ್ತದೆ. ಪರದೆಯ ಬೆಳಕು ತಗ್ಗಿಸಿದರೆ ಇನ್ನೂ ಸ್ವಲ್ಪ ಬರುತ್ತದೆ.

ಕರೆಂಟ್ ಬಿಲ್ಲಿನ ಭಯ ಬೇಡ. ಚಾರ್ಜರ್ 65 ವ್ಯಾಟಿನದು ಎಂದುಕೊಳ್ಳಿ. ಪೂರ್ತಿ ಶಕ್ತಿಯಲ್ಲಿ ಸುಮಾರು 15 ಗಂಟೆ ನಡೆದರೆ ಒಂದು ಯೂನಿಟ್ ಖರ್ಚು. ಮೂರು ಕಡ್ಡಿಯ ಪ್ಲಗ್ಗಿಗೆ ಅರ್ಥಿಂಗ್ ಸರಿಯಾಗಿರಲಿ.

ಅಂಕಿ ಓದಿದ ತಾಯಿ

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಾಯಿ ಮಗಳ ಜೊತೆ ಪೇಟೆಗೆ ಹೋದರು. ಮಗಳು ಬಿ.ಕಾಂ. ಓದುತ್ತಿದ್ದಳು. ತಾಯಿಯ ಸೆರಗಿನ ಗಂಟಿನಲ್ಲಿ ಒಂದು ಚೀಟಿ ಇತ್ತು. ಚೀಟಿಯಲ್ಲಿ ಎರಡೇ ಸಾಲು. ಕಣ 8. ಕಣಜ 512.

ಅಂಗಡಿಯವರು ಒಂದು ಲ್ಯಾಪ್‌ಟಾಪ್ ತೋರಿಸಿದರು. "ಇದು 8 ಜಿಬೀದು ಅಮ್ಮಾ, ಇವತ್ತೊಂದೇ ದಿನ ಈ ರೇಟು. ಬ್ಯಾಗು, ಮೌಸು ಫ್ರೀ" ಅಂದರು.

ತಾಯಿ ಪೆಟ್ಟಿಗೆ ತಿರುಗಿಸಿದರು. ಚೀಟಿಯನ್ನು ಪಕ್ಕದಲ್ಲಿ ಹಿಡಿದರು. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟರು.

"ಇಲ್ಲಿ 512 ಐತಿ, ಸರಿ. 8 ಎಲ್ಲೈತಿ? ಇಲ್ಲಿ 4 ಅಂತ ಬರದೈತಲ್ಲ?"

ಮಗಳು ಬಗ್ಗಿ ನೋಡಿದಳು. ನಿಜ, ರ‍್ಯಾಮ್ 4 ಎಂದೇ ಇತ್ತು. ಅಂಗಡಿಯವರು "ಓ, ಪೆಟ್ಟಿಗೆ ಅದಲು ಬದಲಾಗಿದೆ" ಎಂದು ಒಳಗೆ ಹೋದರು. ತಾಯಿ, ಮಗಳು ಎದ್ದು ಬೇರೆ ಅಂಗಡಿಗೆ ನಡೆದರು.

ಆ ತಾಯಿ ಅಕ್ಷರ ಕಲಿತು ಆಗ ಎರಡು ವರ್ಷವೂ ಆಗಿರಲಿಲ್ಲ.

ಕನ್ನಡ ಬರೆಯಲು ಬರುತ್ತದೆಯೇ?

ಖಂಡಿತ ಬರುತ್ತದೆ. ಕನ್ನಡಕ್ಕೆ ಬೇರೆ ಲ್ಯಾಪ್‌ಟಾಪ್ ಬೇಕಾಗಿಲ್ಲ. ವಿಂಡೋಸ್‌ನಲ್ಲಿ ಕನ್ನಡದ ಕೀಲಿಮಣೆ ಒಳಗೇ ಇದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶವೂ ಇದೆ. ಅದು ಉಚಿತ. ಅದರ ಕೀಲಿಗಳ ಜೋಡಣೆಗೆ ಕೆ.ಪಿ. ರಾವ್ ಅವರ ವಿನ್ಯಾಸವೇ ಆಧಾರ. ಇಂಗ್ಲಿಷ್ ಕೀಲಿಯ ಸದ್ದಿಗೆ ಹೊಂದುವ ಕನ್ನಡ ಅಕ್ಷರ ಮೂಡುವುದರಿಂದ ಕಲಿಯುವುದು ಸುಲಭ.

ಬರೆಯುವ, ಲೆಕ್ಕ ಮಾಡುವ ತಂತ್ರಾಂಶಕ್ಕೆ ಬೇರೆ ಹಣ ಕೇಳಿದರೆ ಅವಸರ ಬೇಡ. ಕೆಲವು ಲ್ಯಾಪ್‌ಟಾಪುಗಳ ಜೊತೆಗೇ ಅದು ಬರುತ್ತದೆ. ಬರದಿದ್ದರೆ ಲಿಬ್ರೆ ಆಫೀಸ್ ಎಂಬುದು ಉಚಿತವಾಗಿ ಸಿಗುತ್ತದೆ. ವಿಂಡೋಸ್ ಬದಲು ಉಬುಂಟು ಎಂಬ ಉಚಿತ ವ್ಯವಸ್ಥೆಯನ್ನೂ ಹಾಕಿಕೊಳ್ಳಬಹುದು. ಕಳ್ಳ ಪ್ರತಿ ಮಾತ್ರ ಬೇಡ. ಅದರ ಜೊತೆ ವೈರಸ್ ಬರಬಹುದು.

ಹಣದ ಲೆಕ್ಕ

ನಾವು ಹೇಳಿದ ಗುಣಗಳ ಹೊಸ ಲ್ಯಾಪ್‌ಟಾಪಿಗೆ ಸುಮಾರು 35 ರಿಂದ 45 ಸಾವಿರ ರೂಪಾಯಿ ಎಂದು ಅಂದಾಜು ಇಟ್ಟುಕೊಳ್ಳೋಣ. ಬೆಲೆ ಏರುತ್ತದೆ, ಇಳಿಯುತ್ತದೆ. ಆದ್ದರಿಂದ ಮೂರು ಅಂಗಡಿಯಲ್ಲಿ ಕೇಳಿ. ಆನ್‌ಲೈನ್ ಬೆಲೆಯನ್ನೂ ಮಕ್ಕಳು ನೋಡಲಿ. ಎಲ್ಲವನ್ನೂ ಬರೆದುಕೊಳ್ಳಿ.

ಲ್ಯಾಪ್‌ಟಾಪಿಗೆ ಜಿಎಸ್‌ಟಿ ತೆರಿಗೆ ನೂರಕ್ಕೆ 18. ಪೆಟ್ಟಿಗೆಯ ಮೇಲಿನ ಗರಿಷ್ಠ ಬೆಲೆಯಲ್ಲಿ, ಅಂದರೆ ಎಂಆರ್‌ಪಿಯಲ್ಲಿ, ಈ ತೆರಿಗೆ ಸೇರಿರುತ್ತದೆ. "ಎಂಆರ್‌ಪಿ ಮೇಲೆ ಜಿಎಸ್‌ಟಿ ಬೇರೆ" ಎಂದರೆ ಒಪ್ಪಬೇಡಿ.

ಇನ್ನು ಕಂತು. "ತಿಂಗಳಿಗೆ ಬರೀ 3,250 ಕಟ್ಟಿ" ಎಂದಾಗ ಹಗುರ ಅನ್ನಿಸುತ್ತದೆ. ಕೂಡಿಸಿ ನೋಡೋಣ.

ಒಂದು ಲ್ಯಾಪ್‌ಟಾಪಿನ ನಗದು ಬೆಲೆ 40,000 ರೂಪಾಯಿ.
ಕಂತಿನಲ್ಲಿ ಮೊದಲು ಕಟ್ಟುವುದು 5,000.
ತಿಂಗಳಿಗೆ 3,250ರಂತೆ 12 ತಿಂಗಳಿಗೆ 39,000.
ಕಾಗದಪತ್ರದ ಶುಲ್ಕ 500.
ಒಟ್ಟು 44,500.

ಅಂದರೆ 4,500 ರೂಪಾಯಿ ಹೆಚ್ಚು. ಕಂತು ಬೇಡವೇ ಬೇಡ ಎಂದು ನಾವು ಹೇಳುವುದಿಲ್ಲ. ಕೈಯಲ್ಲಿ ಹಣ ಇಲ್ಲದಿದ್ದರೆ ಏನು ಮಾಡೋದು? ಆದರೆ ಒಟ್ಟು ಎಷ್ಟು ಎಂದು ತಿಳಿದೇ ಸಹಿ ಹಾಕಬೇಕು. ಸ್ವಸಹಾಯ ಸಂಘದ ಸಾಲ ಸಿಗುವುದಾದರೆ ಅದರ ಬಡ್ಡಿಯನ್ನೂ ಲೆಕ್ಕ ಹಾಕಿ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿ. ಓದದ ಕಾಗದಕ್ಕೆ ಸಹಿ ಬೇಡ. ಸಹಿ ಹಾಕಲು ಕಲಿತದ್ದು ಅದಕ್ಕಲ್ಲ.

ಹಳೆಯದು ಕೊಳ್ಳಬಹುದೇ?

ಕೊಳ್ಳಬಹುದು. ದೊಡ್ಡ ಕಚೇರಿಗಳು ಕೆಲವು ವರ್ಷ ಬಳಸಿದ ಲ್ಯಾಪ್‌ಟಾಪುಗಳನ್ನು ಮಾರುತ್ತವೆ. ಕೆಲವು ಅಂಗಡಿಗಳು ಅವನ್ನು ಶುಚಿ ಮಾಡಿ, ರಿಪೇರಿ ಮಾಡಿ ಮಾರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆ ಇಂಥ ವ್ಯಾಪಾರಕ್ಕೆ ಹೆಸರಾದ ಜಾಗ. ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್ ಎಂಬ ಹೆಸರಿನವು ಕಚೇರಿಗಳಿಗೆಂದೇ ಮಾಡಿದ ಗಟ್ಟಿ ಲ್ಯಾಪ್‌ಟಾಪುಗಳು. ಬೆಲೆ ಹೊಸದಕ್ಕಿಂತ ಬಹಳ ಕಡಿಮೆ ಇರುತ್ತದೆ.

ಆದರೆ ಹಳೆಯದಕ್ಕೆ ಪರೀಕ್ಷೆ ಹೆಚ್ಚು.

ಮೊದಲನೆಯದು ವಯಸ್ಸು. ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈಗ ವಿಂಡೋಸ್ 11 ಬೇಕು. ಅದು ಬಹಳ ಹಳೆಯ ಯಂತ್ರದಲ್ಲಿ ನಡೆಯುವುದಿಲ್ಲ. ಇಂಟೆಲ್ ಪ್ರೊಸೆಸರ್ ಆದರೆ 8ನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದು ಇರಲಿ. ಅದಕ್ಕಿಂತ ಹಳೆಯದನ್ನು ಕೊಂಡರೆ ಉಬುಂಟು ಹಾಕಿಸುವುದು ದಾರಿ.

ಎರಡನೆಯದು ಬ್ಯಾಟರಿ. ಚಾರ್ಜರ್ ತೆಗೆದು ಅರ್ಧ ಗಂಟೆ ಅಂಗಡಿಯಲ್ಲೇ ನಡೆಸಿ. ಬ್ಯಾಟರಿ ನೂರರಲ್ಲಿ ಎಷ್ಟು ಇಳಿಯಿತು ನೋಡಿ. ಅರ್ಧ ಗಂಟೆಯಲ್ಲಿ 10 ಇಳಿದರೆ ಪೂರ್ತಿ ಸುಮಾರು 5 ಗಂಟೆ. 50 ಇಳಿದರೆ ಒಂದೇ ಗಂಟೆ.

ಮೂರನೆಯದು ಮೈ. ಎಲ್ಲ ಕೀಲಿ ಒತ್ತಿ. ಕೀಲು ಸಡಿಲ ಇದೆಯೇ ನೋಡಿ. ಕ್ಯಾಮೆರಾ, ಮೈಕು, ಸದ್ದು, ವೈಫೈ ಎಲ್ಲ ನಡೆಸಿ ನೋಡಿ. ಸೆಟ್ಟಿಂಗ್ಸ್ ಒಳಗೆ ಸಿಸ್ಟಮ್, ಅದರೊಳಗೆ ಅಬೌಟ್ ಎಂಬ ಕಡೆ ಹೋದರೆ ರ‍್ಯಾಮ್ ಎಷ್ಟು ಎಂದು ಯಂತ್ರವೇ ಹೇಳುತ್ತದೆ. ಮಾರುವವರ ಮಾತಿಗೂ ಯಂತ್ರದ ಮಾತಿಗೂ ತಾಳೆ ಆಗಬೇಕು.

ನಾಲ್ಕನೆಯದು ಬಿಲ್ಲು. ಬಿಲ್ಲು ಇಲ್ಲದ ಹಳೆಯ ಲ್ಯಾಪ್‌ಟಾಪ್ ಮುಟ್ಟಬೇಡಿ. ಅದು ಕದ್ದ ಮಾಲು ಇರಬಹುದು. ಅಂಗಡಿಯಾದರೆ ಕೆಲವು ತಿಂಗಳಾದರೂ ವಾರಂಟಿ ಬರೆದು ಕೊಡಬೇಕು ಎಂದು ಕೇಳಿ.

ಬಿಲ್ಲು, ವಾರಂಟಿ

ಹೊಸ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ 1 ವರ್ಷ ವಾರಂಟಿ ಇರುತ್ತದೆ. ತಾನಾಗಿ ಕೆಟ್ಟರೆ ಕಂಪನಿ ಸರಿ ಮಾಡಿಕೊಡುತ್ತದೆ. ಬಿದ್ದು ಒಡೆದರೆ, ನೀರು ಚೆಲ್ಲಿದರೆ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ.

ಕೊಳ್ಳುವ ಮೊದಲೇ ಒಂದು ಪ್ರಶ್ನೆ ಕೇಳಿ. "ಕೆಟ್ಟರೆ ಎಲ್ಲಿಗೆ ತರಬೇಕು?" ರಿಪೇರಿ ಕೇಂದ್ರ ಜಿಲ್ಲಾ ಕೇಂದ್ರದಲ್ಲಿ ಇದ್ದರೆ ಒಳ್ಳೆಯದು. ಬೆಂಗಳೂರಿನಲ್ಲಿ ಮಾತ್ರ ಇದ್ದರೆ ಬಸ್ ಖರ್ಚು, ಕೂಲಿ ಕಳೆದ ದಿನ ಎರಡೂ ನಮ್ಮ ತಲೆ ಮೇಲೆ. ಮನೆಗೇ ಬಂದು ಸರಿ ಮಾಡುವ ಕಂಪನಿಗಳೂ ಇವೆ. ನಮ್ಮ ಊರಿಗೆ ಬರುತ್ತಾರೆಯೇ ಕೇಳಿ. ಹೆಸರಾದ ಕಂಪನಿಯ ಲ್ಯಾಪ್‌ಟಾಪಾದರೂ ಹತ್ತಿರದಲ್ಲಿ ರಿಪೇರಿ ಸಿಗದಿದ್ದರೆ ನಮಗೆ ಉಪಯೋಗ ಕಡಿಮೆ.

ಬಿಲ್ಲು ಕೈಗೆ ಬಂದಾಗ ನಿಂತು ಓದಿ. ಅವಸರ ಬೇಡ. ದಿನಾಂಕ ಇದೆಯೇ? ನಿಮ್ಮ ಹೆಸರು ಸರಿ ಇದೆಯೇ? ಕೊಟ್ಟ ಹಣವೇ ಬರೆದಿದೆಯೇ? ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ, ಪೆಟ್ಟಿಗೆಯ ಮೇಲೆ, ಯಂತ್ರದ ಕೆಳಗೆ, ಮೂರು ಕಡೆಯೂ ಒಂದೇ ಇದೆಯೇ? "ಬಿಲ್ಲು ಬೇಡ ಅಂದ್ರೆ ಸಾವಿರ ಕಡಿಮೆ" ಎಂಬ ಮಾತಿಗೆ ಮರುಳಾಗಬೇಡಿ. ಬಿಲ್ಲು ಇಲ್ಲದಿದ್ದರೆ ನಾಳೆ ಕೆಟ್ಟಾಗ ಕೇಳುವ ಹಕ್ಕು ತೋರಿಸುವುದು ಕಷ್ಟ.

ಆನ್‌ಲೈನಿನಲ್ಲಿ ತರಿಸಿದರೆ ಪೆಟ್ಟಿಗೆ ಬಿಚ್ಚುವಾಗ ಫೋನಿನಲ್ಲಿ ವಿಡಿಯೋ ತೆಗೆಯಿರಿ. ಫೋನ್ ಮಾಡಿ ಒಟಿಪಿ ಕೇಳುವವರಿಗೆ ಹೇಳಬೇಡಿ. ಹಣ ಮೋಸ ಹೋದರೆ ಕೂಡಲೇ 1930 ನಂಬರಿಗೆ ಫೋನ್ ಮಾಡಿ.

ಮೋಸವಾದರೆ?

ಸುಮ್ಮನೆ ಕೂರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಬಿಲ್ಲು ಕೊಡದೆ ಇರುವುದು ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಮೊದಲು ಅಂಗಡಿಗೆ, ಕಂಪನಿಗೆ ಬರೆದು ದೂರು ಕೊಡಿ. ಬಾಯಿ ಮಾತು ಸಾಲದು. ದೂರಿನ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಆಮೇಲೆ 1915 ನಂಬರಿಗೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲಿ ಮಾತಾಡಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷದ ಒಳಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ವಕೀಲರು ಇಲ್ಲದೆಯೂ ನಾವೇ ಮಾತಾಡಬಹುದು. ತಕರಾರು ಹುಟ್ಟಿದ ದಿನದಿಂದ 2 ವರ್ಷದ ಒಳಗೆ ಹೋಗಬೇಕು.

ಮನೆಗೆ ಬಂದ ಮೇಲೆ ಯಾರ ಕೈಗೆ?

ಇದೂ ಮಾತಾಡಬೇಕಾದ ವಿಷಯ. ಮಗಳ ಓದಿಗೆ ಅಂತ ತರುತ್ತೇವೆ. ಮಗಳು ಪಾತ್ರೆ ತೊಳೆಯುತ್ತಿರುತ್ತಾಳೆ. ಲ್ಯಾಪ್‌ಟಾಪು ತಮ್ಮನ ಕೈಯಲ್ಲಿ ಆಟ ಆಡುತ್ತಿರುತ್ತದೆ. ಹೀಗೆ ಆಗಬಾರದು. "ಹೆಣ್ಣುಮಗು, ಇಷ್ಟು ದುಡ್ಡಿನ ಸಾಮಾನು ಯಾಕೆ?" ಎನ್ನುವವರೂ ಇದ್ದಾರೆ. ಓದುವವರಿಗೆ ಸಾಮಾನು ಬೇಕು. ಹೆಣ್ಣಾದರೇನು, ಗಂಡಾದರೇನು? ಸಮಯ ಹಂಚಿ ಗೋಡೆಗೆ ಬರೆದು ಹಾಕಿ. ಮನೆಗೆಲಸವನ್ನೂ ಹಾಗೇ ಹಂಚಿ.

ತಾಯಂದಿರೂ ದೂರ ನಿಲ್ಲಬೇಡಿ. ಮಕ್ಕಳ ಪಕ್ಕದಲ್ಲಿ ಕೂತು ನಿಮ್ಮ ಹೆಸರನ್ನು ಒತ್ತಿ ನೋಡಿ. ಪರದೆಯ ಮೇಲೆ ನಿಮ್ಮ ಹೆಸರು ಮೂಡುತ್ತದೆ.

ಯಂತ್ರವನ್ನು ಹಾಸಿಗೆ ಮೇಲೆ ಇಟ್ಟು ನಡೆಸಬೇಡಿ. ಗಾಳಿ ಆಡದೆ ಬಿಸಿಯಾಗುತ್ತದೆ. ಧೂಳು, ನೀರು, ಚಹಾ ದೂರ ಇರಲಿ. ಮುಖ್ಯ ಬರಹಗಳ ಇನ್ನೊಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಇಡಿ. ಬಿತ್ತನೆ ಬೀಜವನ್ನು ಒಂದೇ ಮಡಕೆಯಲ್ಲಿ ಇಡುವುದಿಲ್ಲ, ಹಾಗೆ.

ನೆನಪಿಡೋಣ

1. ಮೊದಲು ಕೆಲಸದ ಪಟ್ಟಿ, ಆಮೇಲೆ ಅಂಗಡಿ.
2. ಕಣ 8, ಕಣಜ 256 ಅಥವಾ 512. ಕಣಜ ಎಸ್‌ಎಸ್‌ಡಿ ಇರಲಿ.
3. ಮೂರು ಕಡೆ ಬೆಲೆ ಕೇಳೋಣ.
4. ಕಂತು ಕೂಡಿಸಿ ನೋಡೋಣ.
5. ರಿಪೇರಿ ಎಲ್ಲಿ ಎಂದು ಮೊದಲೇ ಕೇಳೋಣ.
6. ಬಿಲ್ಲು ಓದಿ, ಪಡೆದು, ಜೋಪಾನ ಮಾಡೋಣ.

ಅಭ್ಯಾಸ

ಉತ್ತರ ಹೇಳಿ:
1. ಲ್ಯಾಪ್‌ಟಾಪಿನ ಕಣಕ್ಕೂ ಕಣಜಕ್ಕೂ ಏನು ವ್ಯತ್ಯಾಸ?
2. ಪೇಟೆಗೆ ಹೋದ ತಾಯಿ ಬೇರೆ ಅಂಗಡಿಗೆ ಯಾಕೆ ನಡೆದರು?
3. ಬಿಲ್ಲಿನಲ್ಲಿ ಏನೇನು ನೋಡಬೇಕು?

ಬಿಟ್ಟ ಜಾಗ ತುಂಬಿ:
1. ಗ್ರಾಹಕ ಸಹಾಯವಾಣಿಯ ನಂಬರ್ ______.
2. ಹಣ ಮೋಸ ಹೋದರೆ ಫೋನ್ ಮಾಡುವ ನಂಬರ್ ______.

ಲೆಕ್ಕ ಮಾಡಿ:
ಒಂದು ಲ್ಯಾಪ್‌ಟಾಪಿನ ನಗದು ಬೆಲೆ 36,000 ರೂಪಾಯಿ. ಕಂತಿನಲ್ಲಿ ಮೊದಲು 4,000 ಕಟ್ಟಬೇಕು. ಆಮೇಲೆ ತಿಂಗಳಿಗೆ 2,900ರಂತೆ 12 ತಿಂಗಳು. ಶುಲ್ಕ 600. ಕಂತಿನಲ್ಲಿ ಒಟ್ಟು ಎಷ್ಟಾಯಿತು? ನಗದು ಬೆಲೆಗಿಂತ ಎಷ್ಟು ಹೆಚ್ಚು?

ಗುಂಪಿನಲ್ಲಿ ಮಾತಾಡಿ:
ನಿಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಲ್ಯಾಪ್‌ಟಾಪ್ ಇದೆ? ಅದನ್ನು ಯಾರು ಹೆಚ್ಚು ಬಳಸುತ್ತಾರೆ? ಯಾಕೆ?

ಬರೆಯಿರಿ:
ನೀವು ಅಂಗಡಿಗೆ ಹೋಗುವಾಗ ಕೈಯಲ್ಲಿ ಇಟ್ಟುಕೊಳ್ಳುವ ಚೀಟಿಯನ್ನು ನಿಮ್ಮ ಕೈಯಾರೆ ಬರೆಯಿರಿ.